ಫಾದರ್ ಎಮಿಲ್‌ಗೆ ಹತ್ತು ಜಪಸರ

ಅಮೆರಿಕದ ಡನ್‌ಬ್ರೇಕ್ ಊರಿನಲ್ಲಿ ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕೆಂದರೆ ಜನ ಬರ್ನಡೀನ್ ಸೋಪ್ಕೊ ಹತ್ತಿರ ಹೋಗುತ್ತಿದ್ದರು. ಕುಡಿದು ಕುಡಿದು ಲಿವರ್ ಸುಟ್ಟುಕೊಂಡವನು ಆಕೆಯ ಕೈಗೆ ಸಿಕ್ಕರೆ 'ದೀರ್ಘಕಾಲದ ಅನಾರೋಗ್ಯವನ್ನು ತಾಳ್ಮೆಯಿಂದ ಸಹಿಸಿದವನು' ಆಗುತ್ತಿದ್ದ. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದವನು 'ಕೆಲಸದ ನಿಮಿತ್ತ ದೂರದ ಊರಿನಲ್ಲಿ' ಇರುತ್ತಿದ್ದ. ಸಂತ ಲ್ಯಾಡಿಸ್ಲಾಸ್ ಚರ್ಚಿನ ಆಫೀಸಿನಲ್ಲಿ ನಲವತ್ತೊಂದು ವರ್ಷ ಕೂತು ಭಾನುವಾರ ಹಂಚುವ ಸುದ್ದಿಹಾಳೆ, ಅಂದರೆ ಬುಲೆಟಿನ್, ಬರೆದವಳು ಆಕೆ. ಅಷ್ಟೂ ವರ್ಷಗಳ ಬುಲೆಟಿನ್ ತೆಗೆದು ಅದರಲ್ಲಿ ಒಂದೇ ಒಂದು ಕೆಟ್ಟ ಸುದ್ದಿ ಹುಡುಕಿ ತೋರಿಸಿ ನೋಡೋಣ! ಸಿಕ್ಕುವುದಿಲ್ಲ.

ಈಗ ಆಕೆಗೆ ಎಪ್ಪತ್ತೇಳು. ಗಂಡ ಆ್ಯಂಡಿ ಹೋಗಿ ಒಂಬತ್ತು ವರ್ಷ. ಮಗಳು ಮರಿಯಾನ್ ಒಹಾಯೋದಲ್ಲಿ ದಂತವೈದ್ಯೆ, ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಬರ್ನಡೀನಳಿಗೆ ಮನೆಗಿಂತ ಚರ್ಚಿನ ಆಫೀಸೇ ಮನೆ. ಯಾರ ಮದುವೆಗೆ ಯಾವ ಶನಿವಾರ ಖಾಲಿ ಇದೆ, ಯಾರ ಸಮಾಧಿ ಯಾವ ಸಾಲಿನಲ್ಲಿದೆ, ಯಾವ ಫಾದರ್‌ಗೆ ಬೆಳ್ಳುಳ್ಳಿ ಆಗುವುದಿಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಊರಿನಲ್ಲಿ ಆಕೆಗೆ ಇದ್ದ ಮರ್ಯಾದೆ ಮೇಯರ್‌ಗೂ ಇರಲಿಲ್ಲವೆಂದರೆ ಸುಳ್ಳಲ್ಲ.

ಈ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಬಿಷಪ್ಪರ ಕಚೇರಿಯಿಂದ ಹೊಸ ನಿಯಮದ ಕಟ್ಟು ಬಂತು. ಚರ್ಚಿನ ಆವರಣದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ಸಂಬಳಕ್ಕಿರಲಿ ಪುಕ್ಕಟೆಗಿರಲಿ, ಪೊಲೀಸರಿಂದ ತಪಾಸಣೆ ಮಾಡಿಸಿಕೊಳ್ಳಬೇಕು, ಬೆರಳಚ್ಚು ಕೊಡಬೇಕು, ಮಕ್ಕಳ ರಕ್ಷಣೆಯ ಪಾಠ ಕೇಳಬೇಕು, ಕೊನೆಗೊಂದು ಫಾರಂಗೆ ಸಹಿ ಹಾಕಬೇಕು. ನೆಲಮಾಳಿಗೆಯ ಅಡುಗೆಮನೆಯಲ್ಲಿ ಗುರುವಾರ ಗುರುವಾರ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಕಟ್ಟುವ ಹೆಂಗಸರನ್ನೂ ಇದು ಬಿಡಲಿಲ್ಲ. ಹನ್ನೊಂದು ಜನ, ಎಲ್ಲರೂ ಎಪ್ಪತ್ತು ದಾಟಿದವರು. ಐವತ್ತು ವರ್ಷ ಹಿಟ್ಟು ನಾದಿ ನಾದಿ ನಾಲ್ವರ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಯಂತ್ರ ಅವರ ಬೆರಳನ್ನು ಎರಡೆರಡು ಸಲ ತಿರಸ್ಕರಿಸಿತು.

"ಮೊದ್ಲೇ ಗೊತ್ತಿದ್ರೆ ಬ್ಯಾಂಕ್ ದರೋಡೆ ಮಾಡ್ಬೋದಿತ್ತಲ್ಲೇ!" ಎಂದಳು ವೆರೋನಾ. ಆಕೆ ಬರ್ನಡೀನಳ ನಾದಿನಿ, ಆ ಅಡುಗೆಮನೆಯ ಯಜಮಾನಿ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹನ್ನೊಂದು ಜನರ ಫಾರಂ ವಸೂಲಿ ಮಾಡಿದವಳು ಬರ್ನಡೀನಳೇ. ಹನ್ನೆರಡನೆಯದು, ಆಕೆಯದೇ, ಮೇಜಿನ ಮೇಲೆ ಉಳಿಯಿತು. ಅದರ ಕೊನೆಯ ಸಾಲು ಹೀಗಿತ್ತು: 'ಮಗುವೊಂದಕ್ಕೆ ಅನ್ಯಾಯವಾಗುತ್ತಿದೆ ಎಂದು ತಿಳಿದೂ ನಾನು ಎಂದೂ ಸುಮ್ಮನಿದ್ದವಳಲ್ಲ.' ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬರ್ನಡೀನ್ ಪೆನ್ನು ಎತ್ತಿದಳು, ಇಳಿಸಿದಳು, ಎದ್ದು ಹೋಗಿ ಕಾಫಿ ಮಾಡಿಕೊಂಡಳು. ಒಂದು ವಾರ ಇದೇ ಆಯಿತು.

ಅದಕ್ಕೆ ಕಾರಣ ಪಾಲೆಟ್ ಯಾನೊಷ್ಕೊ. ನಲವತ್ತೆಂಟು ವರ್ಷದ ಪಾಲೆಟ್ ನದಿಯಾಚೆ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡವಳು. ಕ್ರಿಸ್ಮಸ್ ಕಳೆದ ಮೇಲೆ ಆಕೆ ಬಿಷಪ್ಪರ ಕಚೇರಿಗೆ ಒಂದು ಕಾಗದ ಬರೆದಿದ್ದಳು. ತನಗೆ ಹದಿಮೂರು ವರ್ಷವಿದ್ದಾಗ ಸಂತ ಲ್ಯಾಡಿಸ್ಲಾಸ್‌ನ ಫಾದರ್ ಎಮಿಲ್ ಟ್ರುಪ್ಕೊ ಚರ್ಚಿನ ಪಕ್ಕದಲ್ಲಿ ಪಾದ್ರಿಗಳು ಇರುವ ಗುರುಮನೆಯ ಮಹಡಿಯ ಮೇಲೆ ತನ್ನನ್ನು ಕೆಡಿಸಿದರೆಂದು. ಫಾದರ್ ಎಮಿಲ್ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಊರಿನವರು ಅವರ ನೆನಪಿಗೆಂದು ಚರ್ಚಿನ ಸಭಾಂಗಣಕ್ಕೆ ಅವರದೇ ಹೆಸರಿಟ್ಟಿದ್ದರು. ನಿಯಮವೆಂದರೆ ನಿಯಮ, ವಿಚಾರಣೆ ಮುಗಿಯುವ ತನಕ ಹೆಸರು ಕಾಣಬಾರದೆಂದು ಆ ಹಿತ್ತಾಳೆ ಅಕ್ಷರಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿದರು. ಅವರ ಫೋಟೋ ಇದ್ದ ಗೋಡೆಯಲ್ಲಿ ಬಿಳಿ ಚೌಕವೊಂದು ಉಳಿಯಿತು.

ಊರು ಕುದಿಯಿತು. ಎಲ್ಲರಿಗೂ ಸಿಟ್ಟು, ಆದರೆ ಸತ್ತ ಪಾದ್ರಿಯ ಮೇಲಲ್ಲ.

"ಇಷ್ಟು ವರ್ಷ ಬಾಯಲ್ಲಿ ಕಡುಬು ತುರುಕ್ಕೊಂಡಿದ್ಲಾ ಅವ್ಳು?" ಎಂದು ವೆರೋನಾ ಹಿಟ್ಟಿನ ಮೇಲೆ ಲಟ್ಟಣಿಗೆ ಕುಟ್ಟಿದಳು. "ಸತ್ತೋರು ಎದ್ ಬಂದು ಉತ್ರ ಕೊಡಲ್ಲ ಅಂತ ಧೈರ್ಯ. ದುಡ್ಡಿನ್ ಆಸೆ, ಇನ್ನೇನು!"

"ಅವ್ರಮ್ಮನೂ ಹಂಗೇ ಕಣೇ, ಸುಳ್ಳಿನ ಮೂಟೆ," ಎಂದಳು ಇನ್ನೊಬ್ಬಳು.

ಬರ್ನಡೀನ್ ತಲೆ ತಗ್ಗಿಸಿ ಕಡುಬಿನ ಅಂಚು ಒತ್ತುತ್ತಿದ್ದಳು. ಪಾಲೆಟ್‌ಳ ತಾಯಿ ಒಂದು ದಿನವೂ ಸುಳ್ಳು ಹೇಳಿದವಳಲ್ಲವೆಂದು ಆಕೆಗೆ ಗೊತ್ತಿತ್ತು. ಮುಂದಿನ ಕಡುಬು ಎತ್ತಿಕೊಂಡಳು.

ವಿಚಾರಣೆಗೆ ಬಂದವರು ಓಡೆಲ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿ. ಸಭ್ಯ ಮನುಷ್ಯ. ಆಫೀಸಿನಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

"ಆ ಹುಡುಗಿ ಮಂಗಳವಾರ ಸ್ಕೂಲ್ ಬಿಟ್ಮೇಲೆ ಬುಲೆಟಿನ್ ಮಡಚೋಕೆ ಇಲ್ಲಿಗೆ ಬರ್ತಿದ್ಲಂತೆ. ನಿಮ್ಮ ಹತ್ರ ಏನೋ ಹೇಳಿದ್ಲಂತೆ, ನೆನಪಿದ್ಯಾ ಮೇಡಂ?"

"ಇಲ್ಲ," ಎಂದಳು ಬರ್ನಡೀನ್. "ತುಂಬಾ ಹಳೇದು."

"ಫಾದರ್ ಎಮಿಲ್ ಎಂಬತ್ತೈದನೇ ಇಸ್ವೀಲಿ ಇದ್ದಕ್ಕಿದ್ ಹಾಗೆ ಊರು ಬಿಟ್ರು. ಯಾಕೆ ಅಂತ ಬಿಷಪ್ಪರ ಕಡತದಲ್ಲಿ ಒಂದು ಹಾಳೇನೂ ಇಲ್ಲ. ಇರೋದು ಇದೊಂದೇ." ಅವರು ಒಂದು ಜೆರಾಕ್ಸ್ ಪ್ರತಿ ಮುಂದೆ ಸರಿಸಿದರು. ಹಳೆಯ ಬುಲೆಟಿನ್. 'ನಮ್ಮ ಪ್ರೀತಿಯ ಫಾದರ್ ಎಮಿಲ್ ಆರೋಗ್ಯದ ದೃಷ್ಟಿಯಿಂದ ವಿಶ್ರಾಂತಿಗೆ ತೆರಳಿದ್ದಾರೆ.' "ಆರೋಗ್ಯ ಅಂತ ನಿಮ್ಮ ಬುಲೆಟಿನ್ನೇ ಹೇಳುತ್ತೆ. ಹಾಗಾಗಿ ಇದು ಆಕೆಗೆ ವಿರುದ್ಧವಾಗೇ ಹೋಗುತ್ತೆ. ಬೇರೆ ಸಾಕ್ಷಿ ಸಿಗ್ದೇ ಇದ್ರೆ, ಈಸ್ಟರ್‌ಗೆ ಮುಂಚೆ, ಗರಿಗಳ ಭಾನುವಾರದೊಳಗೆ 'ಆಧಾರ ಇಲ್ಲ' ಅಂತ ಮುಗಿಸ್ತೀವಿ."

ಅಯ್ಯೋ ದೇವರೇ! ಆ 'ವಿಶ್ರಾಂತಿ' ಯಾರೂ ಹೇಳಿಕೊಟ್ಟ ಪದವಲ್ಲ. ಬಿಷಪ್ಪರ ಕಚೇರಿಯವರು ಅವತ್ತು ಫೋನಿನಲ್ಲಿ "ಫಾದರ್ ಇವತ್ತು ಸಂಜೆ ಹೊರಡ್ತಾರೆ, ಏನಾದ್ರೂ ಬರೀರಿ" ಎಂದಿದ್ದರು, ಅಷ್ಟೇ. ಹಾವೂ ಸಾಯದ ಕೋಲೂ ಮುರಿಯದ ಪದವನ್ನು ಹುಡುಕಿ, ಟೈಪ್ ಮಾಡಿ, ಎಷ್ಟು ಚೆನ್ನಾಗಿ ಬಂತೆಂದು ತಾನೇ ಮೆಚ್ಚಿಕೊಂಡವಳು ಬರ್ನಡೀನ್. ಈಗ ಅದೇ ಪದವನ್ನು ಒಂದು ಹೆಣ್ಣು ಸುಳ್ಳುಗಾತಿ ಎಂದು ತೋರಿಸಲು ಎತ್ತಿ ಹಿಡಿದಿದ್ದರು. ಓಡೆಲ್ ಹೋದ ಮೇಲೆ ಆಕೆ ಅವರು ಬಿಟ್ಟುಹೋದ ಜೆರಾಕ್ಸ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು, ಮತ್ತೆ ಬಿಡಿಸಿ ಓದಿದಳು.

ಚರ್ಚಿನ ಈಗಿನ ಫಾದರ್ ಕೀರನ್, ಮೂವತ್ತೆಂಟರ ಹುಡುಗುಮುಖದ ಪಾದ್ರಿ, ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬರಲಿಲ್ಲ. ನಿಯಮದ ಪ್ರಕಾರ ಪ್ರತಿ ಬಾಗಿಲಿಗೂ ಗಾಜಿನ ಕಿಂಡಿ ಕೊರೆಸಿದ್ದರು, ಆದರೂ ಅವರು ಬಾಗಿಲು ಪೂರ್ತಿ ತೆರೆದೇ ಇಡುತ್ತಿದ್ದರು. ಮೊದಲ ಪರಮಪ್ರಸಾದ ಪಡೆದ ಮಗುವೊಂದು ಓಡಿ ಬಂದು ಅವರ ಕಾಲು ತಬ್ಬಿಕೊಂಡಾಗ ಯಾರೋ ಬಂದೂಕು ತೋರಿಸಿದ ಹಾಗೆ ಎರಡೂ ಕೈ ಮೇಲೆತ್ತಿ ನಿಂತಿದ್ದರು ಪಾಪ.

"ಬರ್ನಡೀನ್, ಹುಷಾರಿದೀರಾ?"

"ಇದೀನಿ ಫಾದರ್."

"ಅಂಗಡಿಗೆ ಹೋಗಿದ್ದೆ. ಒಬ್ಬಾಕೆ ನನ್ನ ಈ ಪಾದ್ರಿ ಕಾಲರ್ ನೋಡಿ ಮಗೂನ ಆ ಕಡೆಗೆ ಎಳ್ಕೊಂಡ್ರು." ಅವರು ನಗಲು ನೋಡಿದರು, ಆಗಲಿಲ್ಲ. "ಅವ್ರದ್ದೇನ್ ತಪ್ಪು ಬಿಡಿ. ಇನ್ಮೇಲೆ ಕಾಲರ್ ಮುಚ್ಚೋ ಹಾಗೆ ಸ್ವೆಟರ್ ಹಾಕ್ಕೊಂಡೇ ಹೋಗ್ತೀನಿ."

ಯಾವ ತಪ್ಪೂ ಮಾಡದ ಆ ಮನುಷ್ಯ ನಾಚಿಕೆಯಿಂದ ಕುಗ್ಗುವುದನ್ನು ನೋಡಿ ಬರ್ನಡೀನಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾಚಬೇಕಾದವಳು ಇಲ್ಲಿ ಮರ್ಯಾದೆಯಿಂದ ಕೂತಿದ್ದಾಳೆ, ಆತ ಕಾಲರ್ ಮರೆಮಾಡಿಕೊಂಡು ಅಂಗಡಿಗೆ ಹೋಗಬೇಕಾಗಿದೆ.

ಏಕೆಂದರೆ ಆಕೆಗೆ ನೆನಪಿತ್ತು. ಎಲ್ಲವೂ ನೆನಪಿತ್ತು. ಮಂಗಳವಾರ. ಆಗ ಆಫೀಸು ಗುರುಮನೆಯ ಕೆಳಗಿನ ಕೋಣೆಯಲ್ಲಿತ್ತು. ಮಹಡಿಯಿಂದ ಫಾದರ್ ಎಮಿಲ್ "ಅಂಚೆಚೀಟಿ ಅಂಟಿಸೋಕೆ ಪುಟ್ಟಿನ ಕಳಿಸಿ" ಎಂದು ಕೂಗುತ್ತಿದ್ದರು. ಒಂದು ಮಂಗಳವಾರ ಪಾಲೆಟ್ ಕೆಳಗಿಳಿದು ಬಂದು ಮೇಜಿನ ಅಂಚು ಹಿಡಿದು ನಿಂತಳು. "ಮಿಸೆಸ್ ಸೋಪ್ಕೊ, ಇನ್ಮೇಲೆ ನಾನು ಕೆಳಗೇ ಇರ್ತೀನಿ. ನನ್ನ ಮೇಲೆ ಕಳಿಸ್ಬೇಡಿ." ಯಾಕೆ ಎಂದು ಬರ್ನಡೀನ್ ಕೇಳಲಿಲ್ಲ. "ಫಾದರ್ ಕರೆದ್ರೆ ಆಗಲ್ಲ ಅನ್ಬಾರ್ದು ಪುಟ್ಟೀ, ಪಾಪ ಬರುತ್ತೆ" ಎಂದಳು. ಮುಂದಿನ ವಾರ ಮಹಡಿಯಿಂದ ಕೂಗು ಬಂದಾಗ ಕಳಿಸಿಯೇ ಕಳಿಸಿದಳು. ಅದರ ಮುಂದಿನ ವಾರವೂ.

ಅಷ್ಟಕ್ಕೇ ನಿಂತಿದ್ದರೆ ಬೇರೆ. ಫಾದರ್ ಊರು ಬಿಟ್ಟ ಮೇಲೆ ಆಕೆಗೆ ಪ್ರಾರ್ಥನೆಯ ಹೂಗುಚ್ಛ ಕಳಿಸುವ ಉಮೇದು ಬಂತು. ನಮ್ಮಲ್ಲಿ ಕಾಯಿಲೆಯವರಿಗೆ ಹಾಗೆ ಕಳಿಸುವುದುಂಟು. ಚಿನ್ನದ ಅಂಚಿನ ಕಾರ್ಡಿನಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಇಷ್ಟು ಪೂಜೆ, ಮಣಿ ಎಣಿಸಿ ಹೇಳುವ ಪ್ರಾರ್ಥನೆ ಇಷ್ಟು ಜಪಸರ ಎಂದು ಬರೆಯಬೇಕು. ಬರೆದದ್ದನ್ನು ತೀರಿಸಲೇಬೇಕು, ದೇವರಿಗೆ ಕೊಟ್ಟ ಮಾತು. ಬರ್ನಡೀನ್ ಚರ್ಚಿನ ಶಾಲೆಯ ತರಗತಿಗಳಿಗೆಲ್ಲ ತಾನೇ ಕಾರ್ಡು ಹಿಡಿದು ಹೋದಳು. ಎಂಟನೆಯ ತರಗತಿಯಲ್ಲಿ ಪಾಲೆಟ್ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿದ್ದಳು. ಬರ್ನಡೀನ್ ಬಗ್ಗಿ, "ಎಲ್ರೂ ಬರ್ದಿದಾರೆ ಪುಟ್ಟೀ. ಫಾದರ್‌ಗೆ ಹುಷಾರಿಲ್ಲ, ಪಾಪ. ಹತ್ತು ಅಂತ ಬರಿ" ಎಂದಳು. ಹುಡುಗಿ ಬರೆದಳು.

ಗರಿಗಳ ಭಾನುವಾರಕ್ಕೆ ಹನ್ನೆರಡು ದಿನ ಇರುವಾಗ ಬರ್ನಡೀನ್ ಸೇತುವೆ ದಾಟಿ ಪಾಲೆಟ್‌ಳ ಅಂಗಡಿಗೆ ಹೋದಳು. ಕೈಯಲ್ಲಿ ಅಕ್ರೋಟು ತುಂಬಿದ ಸುರುಳಿ ಬ್ರೆಡ್ಡು. ಸಾವಿನ ಮನೆಗೆ ಹೋದರೂ ಬಾಣಂತಿಯ ಮನೆಗೆ ಹೋದರೂ ಅದನ್ನೇ ಒಯ್ಯುವುದು, ಕೈ ತಾನಾಗಿ ಮಾಡಿಬಿಟ್ಟಿತ್ತು. ಒಳಗೆ ಕಾಲಿಟ್ಟ ಮೇಲೆ ಆ ಬ್ರೆಡ್ಡು ಹಿಡಿದ ಕೈಯನ್ನು ಕತ್ತರಿಸಿಕೊಳ್ಳೋಣ ಎನ್ನಿಸಿತು ಆಕೆಗೆ.

ಪಾಲೆಟ್ ಒದ್ದೆ ನಾಯಿಯೊಂದನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಕೂದಲು ಕತ್ತರಿಸುತ್ತಿದ್ದಳು. ತಲೆ ನರೆತಿತ್ತು.

"ಚರ್ಚಿನೋರು ಕಳಿಸಿದ್ರಾ ಮಿಸೆಸ್ ಸೋಪ್ಕೊ?"

"ಇಲ್ಲ. ನಾನೇ ಬಂದೆ."

"ಅದನ್ನ ಮೇಲಿಡಿ, ನಾಯಿ ಬಾಯಿ ಹಾಕುತ್ತೆ."

ಬರ್ನಡೀನ್ ಇಡಲಿಲ್ಲ, ಹಿಡಿದೇ ನಿಂತಳು. "ನೀನು ಅವತ್ತು ಹೇಳಿದ್ದು... ಮೇಲೆ ಕಳಿಸ್ಬೇಡಿ ಅಂದಿದ್ದು. ನಂಗೆ ನೆನಪಿದೆ."

ಕತ್ತರಿ ನಿಂತಿತು. ಪಾಲೆಟ್ ಒಂದು ಕೈಯಲ್ಲಿ ನಾಯಿಯನ್ನು ಒತ್ತಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು.

"ನೆನಪಿದೆ ಅಂತೀರಾ? ಆ ಪೊಲೀಸ್‌ನೋರು ಹೇಳಿದ್ರು, ನಿಮಗೇನೂ ನೆನಪಿಲ್ವಂತೆ ಅಂತ. ಅವತ್ತಿಂದ ನಂಗೇ ಅನುಮಾನ ಬಂದ್ಬಿಟ್ಟಿತ್ತು. ನಿಜವಾಗ್ಲೂ ಹೇಳಿದ್ನಾ, ಹೇಳ್ದೆ ಅಂತ ಅಂದ್ಕೊಂಡಿದ್ನಾ ಅಂತ. ನಿದ್ದೆ ಇಲ್ಲ ನಂಗೆ."

"ಹೇಳಿದ್ದೆ ಕಣಮ್ಮ. ನನ್ನ ಮೇಜಿನ ಮುಂದೆ ನಿಂತ್ಕೊಂಡು ಹೇಳಿದ್ದೆ."

"ಮತ್ತೆ ಆ ಕಾರ್ಡು?"

ಬರ್ನಡೀನ್ ನೆಲ ನೋಡಿದಳು. ಎಲ್ಲ ಕಡೆ ನಾಯಿಯ ಕೂದಲು.

"ಹತ್ತು ಜಪಸರ," ಎಂದಳು ಪಾಲೆಟ್. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಹೇಳಿದೆ ನಾನು, ಹತ್ತೂ ಹೇಳಿ ಮುಗಿಸ್ದೆ. ಬರ್ಕೊಟ್ಟ ಮೇಲೆ ಹೇಳ್ದೇ ಇದ್ರೆ ಪಾಪ ಅಂತ ನೀವೇ ಕಲಿಸಿದ್ರಲ್ಲ. ಮಂಚದ ಪಕ್ಕ ಮಂಡಿಯೂರಿ, ಆ ಮನುಷ್ಯನಿಗೆ ಬೇಗ ಗುಣ ಆಗ್ಲಿ ಅಂತ ದೇವಮಾತೆ ಹತ್ರ ಬೇಡ್ಕೊಂಡೆ. ಗುಣ ಆಗಿ ವಾಪಸ್ ಬಂದ್ಬಿಟ್ರೆ ಅಂತ ಭಯ. ಆದ್ರೂ ಬೇಡ್ಕೊಂಡೆ."

"ಕ್ಷಮಿಸಮ್ಮ," ಎಂದಳು ಬರ್ನಡೀನ್. ಆ ಮಾತು ಎಷ್ಟು ಬಡಕಲಾಗಿತ್ತೆಂದು ಆಕೆಗೇ ಕೇಳಿಸಿತು.

"ನನ್ನ ಹತ್ರ ಹೇಳಿದ್ರೆ ಏನ್ ಬಂತು? ನಂಗೆ ಗೊತ್ತಿರೋದೇ ತಾನೆ. ಪೊಲೀಸ್‌ನೋರಿಗೆ ಹೇಳಿ. ಅದೂ ಸಾಲ್ದು. ಆ ನೆಲಮಾಳಿಗೇಲಿ ಕೂತ್ಕೊಂಡು ನಮ್ಮಮ್ಮನ ಬಗ್ಗೆ ಆಡ್ಕೋತಾರಲ್ಲ, ಅವ್ರ ಮುಂದೆ ಹೇಳಿ. ಅಮ್ಮ ಸಾಯೋವರ್ಗೂ ಅವ್ರ ಜೊತೆ ಕಡುಬು ಕಟ್ಟಿದ್ಲು." ಪಾಲೆಟ್ ಎದ್ದು ಕತ್ತರಿ ತೆಗೆದುಕೊಂಡಳು. "ಬ್ರೆಡ್ ತಗೊಂಡ್ಹೋಗಿ."

ಬರ್ನಡೀನ್ ಕಾರಿನಲ್ಲಿ ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಓಡೆಲ್‌ಗೆ ಫೋನ್ ಮಾಡಿ ಹೇಳಿದಳು. ಅವರು ಬಂದು ಬರೆದುಕೊಂಡರು. ಆಕೆ ಪ್ರತಿ ಪುಟಕ್ಕೂ ಸಹಿ ಹಾಕಿದಳು. ಆಮೇಲೆ ಫಾದರ್ ಕೀರನ್ ಮುಂದೆ ಆಫೀಸಿನ ಬೀಗದ ಕೈ ಇಟ್ಟಳು. ತಿಳಿದೂ ಸುಮ್ಮನಿದ್ದವರು ಚರ್ಚಿನ ಕೆಲಸದಲ್ಲಿ ಇರುವಂತಿಲ್ಲವೆಂದು ನಿಯಮದಲ್ಲೇ ಇತ್ತು. ಆ ನಿಯಮವನ್ನು ಬುಲೆಟಿನ್‌ನಲ್ಲಿ ಅಚ್ಚು ಹಾಕಿಸಿದವಳೂ ಆಕೆಯೇ. ಫಾದರ್ ಬೀಗದ ಕೈ ತೆಗೆದುಕೊಳ್ಳುವಾಗ ಅವರ ಕಣ್ಣು ತುಂಬಿತ್ತು. ಒಂದು ಒಳ್ಳೆಯ ಮಾತು ಆಡುತ್ತಾರೇನೋ ಎಂದು ಆಕೆ ಕಾದಳು. ಅವರು ಆಡಲಿಲ್ಲ, ಅದು ಸರಿಯೇ.

ಅಷ್ಟನ್ನೂ ಮಾಡುವುದು ಅಂಥ ಕಷ್ಟವೇನೂ ಆಗಲಿಲ್ಲ. ಕಷ್ಟವಾದದ್ದು ಗುರುವಾರ ನೆಲಮಾಳಿಗೆಯ ಮೆಟ್ಟಿಲು ಇಳಿಯುವುದು. ಅಲ್ಲಿ ಇದ್ದವರು ಆಕೆಯ ಮದುವೆಗೆ ಕೇಕು ಮಾಡಿದವರು, ಆ್ಯಂಡಿಯ ಶವಪೆಟ್ಟಿಗೆಯ ಪಕ್ಕ ರಾತ್ರಿಯೆಲ್ಲ ಕೂತವರು. ಈ ಊರಿನಲ್ಲಿ ಅವರನ್ನು ಬಿಟ್ಟರೆ ಆಕೆಗೆ ಯಾರೂ ಇರಲಿಲ್ಲ.

"ಏ ಬರ್ನೀ, ಏಪ್ರನ್ ಎಲ್ಲೇ? ಬೇಗ ಬಾ, ಹಿಟ್ಟು ಒಣಗ್ತಿದೆ!" ಎಂದು ವೆರೋನಾ ಕೂಗಿದಳು.

ಬರ್ನಡೀನ್ ಏಪ್ರನ್ ಹಾಕಲಿಲ್ಲ. ಮೇಜಿನ ತುದಿಯಲ್ಲಿ ನಿಂತು ಹೇಳಿದಳು. ಪಾಲೆಟ್ ಸುಳ್ಳು ಹೇಳಿಲ್ಲ. ನನ್ನ ಹತ್ತಿರ ಅವತ್ತೇ ಹೇಳಿದ್ದಳು. ನಾನು ಕಳಿಸಿದೆ. ಜೀವಮಾನವಿಡೀ ಮೆತ್ತನೆಯ ಮಾತು ಹೆಣೆದವಳಿಗೆ ಈ ಒರಟು ವಾಕ್ಯಗಳ ಅಭ್ಯಾಸವಿರಲಿಲ್ಲ. 

ಬೈಯುತ್ತಾರೆ ಎಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ವೆರೋನಾ ಹಿಟ್ಟಿನ ಕೈಯಲ್ಲೇ ಬಂದು ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿದಳು. ಒಬ್ಬಳು ಕಾಫಿ ತಂದಳು. ಇನ್ನೊಬ್ಬಳು ಕರವಸ್ತ್ರ ಕೊಟ್ಟಳು.

"ಅಳ್ಬೇಡ ಸುಮ್ನಿರೇ," ಎಂದಳು ವೆರೋನಾ, ಬೆನ್ನು ಸವರುತ್ತ. "ನಿಂಗೇನ್ ಗೊತ್ತಿತ್ತು ಪಾಪ? ಆ ಕಾಲದಲ್ಲಿ ಯಾರಿಗೆ ತಾನೆ ಗೊತ್ತಾಗ್ತಿತ್ತು ಇವೆಲ್ಲ? ಫಾದರ್ ಅಂದ್ರೆ ದೇವ್ರು ಅಂತಿದ್ವಿ. ಮಗು ಏನೋ ಅಂತು, ನಿಂಗೆ ಅರ್ಥ ಆಗ್ಲಿಲ್ಲ, ಅಷ್ಟೇ ತಾನೆ."

"ಹೌದು ಕಣೇ, ನಾವಾಗಿದ್ರೂ ಅಷ್ಟೇ," ಎಂದರು ಉಳಿದವರು.

ಎಷ್ಟು ಬೆಚ್ಚಗಿತ್ತು ಆ ಕೈ! 'ಗೊತ್ತಿರಲಿಲ್ಲ' ಎಂದುಬಿಟ್ಟರೆ ಸಾಕು. ಸಾಯುವ ತನಕ ಇದೇ ಮೇಜು, ಇದೇ ಜನ, ಇದೇ ಕೈ. ಪಾಲೆಟ್ ಕೇಳಿದ್ದನ್ನು ಹೇಳಿಯಾಗಿತ್ತು. ಯಾರೂ ಇನ್ನೇನೂ ಕೇಳಿರಲಿಲ್ಲ.

"ಗೊತ್ತಿತ್ತು," ಎಂದಳು ಬರ್ನಡೀನ್.

"ಏನ್ ಗೊತ್ತಿತ್ತು ಬಿಡೇ, ಸುಮ್ನೆ ಏನೇನೋ..."

"ವೆರೋನಾ, ಕೇಳಿಲ್ಲಿ. ಮಂಗಳವಾರ ಬುಲೆಟಿನ್ ಮಡಚೋಕೆ ಇಬ್ರು ಬರ್ತಿದ್ರು. ಪಾಲೆಟ್, ಮತ್ತೆ ನಮ್ ಮರಿಯಾನ್. ಪಾಲೆಟ್ ಹಾಗಂದ ಮಾರನೇ ವಾರದಿಂದ ಮರಿಯಾನ್‌ನ ನಾನು ಗುರುಮನೆಗೆ ಬರಗೊಡ್ಲಿಲ್ಲ. ಹೊಲಿಗೆ ಕಲೀಲಿ ಅಂತ ನಿನ್ ಮನೆಗೆ ಕಳಿಸ್ತಿದ್ನಲ್ಲ, ಅದು ಹೊಲಿಗೆಗಲ್ಲ. ನನ್ ಮಗಳನ್ನ ಬಚ್ಚಿಟ್ಕೊಂಡೆ. ಆ ಮನುಷ್ಯ ಕೂಗ್ದಾಗ ಯಾರನ್ನಾದ್ರೂ ಕಳಿಸ್ಬೇಕಿತ್ತಲ್ಲ, ಪಾಲೆಟ್‌ನ ಕಳಿಸ್ದೆ."

ವೆರೋನಾ ಆಕೆಯ ಬೆನ್ನ ಮೇಲಿಂದ ಕೈ ತೆಗೆದಳು.